ಸಭೆಯಲ್ಲಿ ಟೀಮ್ ನಡೆಸೋರು ಪದೇ ಪದೇ ಕೇಳೋ ಪ್ರಶ್ನೆಗಳು: ಸೇವೆ, ಸ್ನೇಹ, ಮುನಿಸು, ಮನೆ ಭೇಟಿ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಸಭೆಗಳಲ್ಲಿ, ಅಂದ್ರೆ ಚರ್ಚುಗಳಲ್ಲಿ, ವರ್ಶಿಪ್ ಟೀಮು, ಯೂತು, ಸಂಡೇ ಸ್ಕೂಲು, ಆಸ್ಪತ್ರೆ ವಿಸಿಟ್ಟು ಇವನ್ನೆಲ್ಲ ನೋಡ್ಕೊಳ್ಳೋ ಬ್ರದರ್ ಸಿಸ್ಟರ್‌ಗಳು ಮತ್ತೆ ಮತ್ತೆ ಕೇಳೋ ಪ್ರಶ್ನೆಗಳು ಇವು. ಹೆಚ್ಚಾಗಿ ದಿನವಿಡೀ ಅಂಗಡಿ, ಆಫೀಸು, ಹೊಲ ಅಂತ ದುಡಿದು ಸಂಜೆ ಬಂದು ಟೀಮ್ ನಡೆಸೋರನ್ನ ಮನಸಲ್ಲಿ ಇಟ್ಕೊಂಡು ಬರೆದಿರೋದು. ಕೆಲವಕ್ಕೆ ಉತ್ತರ ಉದ್ದ ಆಗಿದೆ, ಕೆಲವಕ್ಕೆ ಎರಡು ಮಾತು ಸಾಕು ಅನ್ನಿಸ್ತು.

ಪ್ರಶ್ನೆ: ಸೇವೆಗೇ ಟೈಮ್ ಸಾಲಲ್ಲ, ಇನ್ನು ಒಬ್ಬೊಬ್ಬರ ಜತೆ ಮಾತಾಡ್ಕೊಂಡು ಕೂತ್ರೆ ಕೆಲಸ ಯಾವಾಗ ಮಾಡೋದು?

ಮಾರ್ಕ 3:14 ಒಂದ್ಸಲ ತೆಗೆದು ನೋಡಿ. ಯೇಸು ಹನ್ನೆರಡು ಜನರನ್ನ ಯಾಕೆ ಆರಿಸಿದ ಅಂತ ಅಲ್ಲಿದೆ, ಮೊದಲು ಬರೋದು ತನ್ನ ಜತೆ ಇರ್ಲಿ ಅಂತ, ಸಾರೋಕೆ ಕಳಿಸೋದು ಆಮೇಲೆ. ಅಂದ್ರೆ ಜತೆಗಿರೋದೇ ಮೊದಲನೇ ಡ್ಯೂಟಿ. ಪೌಲ ಥೆಸಲೊನೀಕದವರಿಗೆ ಬರೆದಾಗಲೂ ಅಷ್ಟೇ, ಸುವಾರ್ತೆ ಜತೆಗೆ ನಮ್ಮ ಪ್ರಾಣನೇ ಕೊಡೋಕೆ ತಯಾರಿದ್ವಿ, ಅಷ್ಟು ಪ್ರಿಯರಾಗಿದ್ರಿ ನೀವು ಅನ್ನೋ ಅರ್ಥದಲ್ಲಿ ಬರೀತಾನೆ (1 ಥೆಸಲೊನೀಕ 2:8). ಹಂಗಂತ ಆತ ಹರಟೆ ಹೊಡ್ಕೊಂಡು ಕೂತಿದ್ದ ಅಂತ ತಿಳ್ಕೋಬೇಡಿ, ಅದರ ಮುಂದಿನ ವಚನದಲ್ಲೇ ನಿಮಗೆ ಭಾರ ಆಗಬಾರದು ಅಂತ ಹಗಲೂ ರಾತ್ರಿ ದುಡಿದ್ವಿ ಅಂತಿದಾನೆ.

ನಾನು ನೋಡಿದ ಮಟ್ಟಿಗೆ ನಮ್ಮ ಕಡೆ ಟೀಮ್ ಒಡೆಯೋದು ಯಾರಿಗೋ ಹಾಡೋಕೆ ಬರಲ್ಲ ಅಂತ ಅಲ್ವೇ ಅಲ್ಲ, ಮುನಿಸ್ಕೊಂಡೇ ಒಡೆಯೋದು. ಆ ಮುನಿಸು ಬಿಡಿಸೋಕೆ ಹೋಗೋ ಟೈಮ್ ಲೆಕ್ಕ ಹಾಕಿದ್ರೆ ಮುಂಚೇನೇ ಪ್ರಾಕ್ಟೀಸಿಗೆ ಮೊದಲು ಅರ್ಧ ಗಂಟೆ ಚಹಾ ಕುಡ್ಕೊಂಡು ಮಾತಾಡಿದ್ರೆ ಆಗ್ತಿತ್ತು.

ಪ್ರಶ್ನೆ: ನಮ್ಮ ಟೀಮ್ ಚೆನ್ನಾಗೇ ಇದೆ. ವಾಟ್ಸಾಪ್ ಗ್ರೂಪಲ್ಲಿ ದಿನಾ ವಚನ ಹಾಕ್ತೀನಿ, ಎಲ್ಲರೂ ಆಮೆನ್ ಹಾಕ್ತಾರೆ. ಇನ್ನೇನು ಬೇಕು?

ಆಮೆನ್ ಹಾಕೋದಕ್ಕೆ ಒಂದು ಬೆರಳು ಸಾಕು. ನಿಮ್ಮ ಟೀಮಿನ ಒಬ್ಬೊಬ್ಬರ ಹೆಸರು ಬರ್ಕೊಂಡು ಪಕ್ಕದಲ್ಲಿ ಇಷ್ಟು ಬರೆಯೋಕೆ ಆಗುತ್ತಾ ನೋಡಿ: ಏನು ಕೆಲಸ ಮಾಡ್ತಾರೆ, ಎಷ್ಟೊತ್ತಿಗೆ ಏಳ್ತಾರೆ, ಸಂಬಳ ತಿಂಗಳಿಗಾ ವಾರಕ್ಕಾ, ಮನೇಲಿ ಯಾರಿಗೆ ಹುಷಾರಿಲ್ಲ, ಮನೆಯವರು ಸಭೆಗೆ ಬರ್ತಾರಾ ಇಲ್ವಾ.

ಒಂದು ಸಭೆಯಲ್ಲಿ ಡ್ರಮ್ಸ್ ಬಾರಿಸೋ ಹುಡುಗ ಶನಿವಾರ ರಾತ್ರಿ ಪ್ರಾಕ್ಟೀಸಲ್ಲಿ ತೂಕಡಿಸ್ತಿದ್ದ, ಲೀಡರ್ ಎಲ್ಲರ ಎದುರಿಗೇ ದೇವರ ಕೆಲಸದಲ್ಲಿ ನಿದ್ದೆನಾ ಅಂತ ಬೈದ್ರು, ಹುಡುಗ ಮಾತಾಡ್ಲಿಲ್ಲ, ಮುಂದಿನ ವಾರದಿಂದ ಬರ್ಲೂ ಇಲ್ಲ. ಆಮೇಲೆ ಸಂಡೇ ಸ್ಕೂಲಿನ ಅಕ್ಕ ಒಬ್ರು ಅವನ ಮನೆಗೆ ಹೋದಾಗಲೇ ಗೊತ್ತಾಗಿದ್ದು ಅವನು ಮಂಡಕ್ಕಿ ಭಟ್ಟಿಗೆ ಹೋಗ್ತಾನೆ, ಇನ್ನೂ ಕತ್ತಲಿರುವಾಗ ಎದ್ದು ಹೋಗಿ ಕಾದ ಮರಳಲ್ಲಿ ಅಕ್ಕಿ ಹುರಿಯೋ ಒಲೆ ಮುಂದೆ ನಿಲ್ತಾನೆ ಅಂತ. ಭಟ್ಟಿ ಹೊಗೆಗೆ ಕಣ್ಣು ಕೆಂಪಗಾಗಿರೋದನ್ನ ಯೂತಲ್ಲಿ ಕೆಲವರು ಬೇರೇನೋ ಅಂತ ಮಾತಾಡ್ಕೊಂಡಿದ್ರಂತೆ. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನದೆ ಇರೋರು ಯಾರಿದಾರೆ ಹೇಳಿ, ಆದ್ರೆ ಅದನ್ನ ಹುರಿಯೋ ಹುಡುಗ ನಮ್ಮ ಟೀಮಲ್ಲೇ ಇದಾನೆ ಅಂತ ನಮಗೆ ಗೊತ್ತಿರಲ್ಲ. ಪ್ರಾಕ್ಟೀಸ್ ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿಸಿದ್ರು, ಹುಡುಗ ವಾಪಸ್ ಬಂದ. ಲೀಡರ್ ಎಲ್ಲರ ಎದುರಿಗೇ ಬೈದಿದ್ದರಿಂದ ಎಲ್ಲರ ಎದುರಿಗೇ ತಪ್ಪಾಯ್ತು ಕಣಪ್ಪ ಅಂದ್ರು, ಅದು ನನಗೆ ಬಹಳ ಹಿಡಿಸ್ತು.

ಪ್ರಶ್ನೆ: ಮನೆ ಭೇಟಿ ಅಂತೀರಲ್ಲ, ಅಲ್ಲಿ ಹೋಗಿ ಮಾಡೋದೇನು?

ಕೂತ್ಕೊಳ್ಳೋದು. ನಿಜವಾಗ್ಲೂ ಅಷ್ಟೇ.

ಬಹಳ ಜನಕ್ಕೆ ಇದು ಕಷ್ಟ ಆಗುತ್ತೆ ಯಾಕಂದ್ರೆ ಹೋದ ತಕ್ಷಣ ಬೈಬಲ್ ತೆಗೀಬೇಕು, ಹತ್ತು ನಿಮಿಷ ವಾಕ್ಯ ಹೇಳ್ಬೇಕು, ಪ್ರಾರ್ಥನೆ ಮಾಡಿ ಎಣ್ಣೆ ಹಚ್ಚಿ ಎದ್ದು ಬರ್ಬೇಕು ಅಂತ ತಲೇಲಿ ಕೂತಿರುತ್ತೆ. ಅದು ಪಾಸ್ಟರ್ ವಿಸಿಟ್, ಅದಕ್ಕೆ ಅದರ ಜಾಗ ಇದೆ. ಟೀಮ್ ಲೀಡರ್ ಹೋಗೋದು ಬೇರೆ. ಹೋಗೋ ಮುಂಚೆ ಫೋನ್ ಮಾಡಿ. ಊಟದ ಹೊತ್ತಿಗೆ ನಾಲ್ಕೈದು ಜನ ಗುಂಪು ಕಟ್ಕೊಂಡು ಹೋಗ್ಬೇಡಿ, ತಿಂಗಳ ಕೊನೇ ವಾರದಲ್ಲಂತೂ ಬೇಡ, ಮನೆಯಾಕೆ ಪಕ್ಕದ ಮನೆಗೆ ಸಕ್ಕರೆ ಕೇಳೋಕೆ ಹೋಗೋ ಹಾಗೆ ಮಾಡ್ಬಾರ್ದು. ಕೈಲಿ ಒಂದು ಡಜನ್ ಬಾಳೆಹಣ್ಣೋ ಬಿಸ್ಕೆಟ್ಟೋ ಇರ್ಲಿ. ಕೊಟ್ಟಿದ್ದನ್ನ ತಿನ್ನಿ, ಶುಗರ್ ಇದ್ರೆ ಮೊದಲೇ ಹೇಳಿ, ತಟ್ಟೇಲಿ ಬಿಟ್ಟು ಏಳ್ಬೇಡಿ. ಟೀಮ್ ವಿಷಯ, ಮುಂದಿನ ಪ್ರೋಗ್ರಾಂ ವಿಷಯ ನೀವಾಗೇ ಎತ್ತಬೇಡಿ. ಎತ್ತಿದ್ರೋ, ಓಹೋ ಇದಕ್ಕೇ ಬಂದಿದ್ದು ಇವ್ರು ಅಂತ ಆಗೋಗುತ್ತೆ, ಅಲ್ಲಿಗೆ ಮುಗೀತು. ಕೆಲಸ ಇದ್ದಾಗ ಮಾತ್ರ ಫೋನ್ ಮಾಡೋ ಲೀಡರ್ ಅನ್ನೋ ಕಂಪ್ಲೇಂಟು ನಾನು ಕೇಳಿರೋಷ್ಟು ಬೇರೆ ಯಾವುದೂ ಕೇಳಿಲ್ಲ.

ಮನೆಯವರು ಕ್ರೈಸ್ತರಲ್ಲದಿದ್ರೆ ಇನ್ನೂ ಜೋಪಾನ. ಮಗ ಒಬ್ಬನೇ ಸಭೆಗೆ ಬರೋದು, ಅಪ್ಪ ಅಮ್ಮ ಬರಲ್ಲ, ಅಂಥ ಮನೆಗಳು ನಮ್ಮ ಟೀಮ್‌ಗಳಲ್ಲಿ ಬೇಕಾದಷ್ಟಿವೆ. ಅಲ್ಲಿ ಹಿರಿಯರಿಗೆ ಮೊದಲು ನಮಸ್ಕಾರ ಮಾಡಿ, ನಾಲೆಗೆ ನೀರು ಬಿಟ್ರಾ, ಮೆಕ್ಕೆಜೋಳಕ್ಕೆ ಈ ಸಲ ರೇಟ್ ಹೆಂಗೈತೆ ಅಂತ ಕೇಳಿ, ಅವರು ಹೇಳೋದನ್ನ ಕೇಳಿಸ್ಕೊಳ್ಳಿ. ಅವರು ಕೇಳದೆ ಪ್ರಾರ್ಥನೆ ಮಾಡೋಕೆ ಎದ್ದು ನಿಲ್ಲಬೇಡಿ. ನಮ್ ಹುಡುಗ ಎಂಥೋರ ಜತೆ ಓಡಾಡ್ತಾನೋ ಅನ್ನೋ ಭಯ ಆ ತಾಯಿಗೆ ಇರುತ್ತೆ, ನಿಮ್ಮ ಮುಖ ನೋಡಿದ ಮೇಲೆ ಅದು ಕಡಿಮೆ ಆದ್ರೆ ಆ ಭೇಟಿ ಸಾರ್ಥಕ.

ಪ್ರಶ್ನೆ: ನಮ್ಮ ಟೀಮಲ್ಲಿ 30 ಜನ ಇದಾರೆ, ಎಲ್ಲರನ್ನೂ ಒಬ್ಬನೇ ಹೆಂಗೆ ನೋಡ್ಕೊಳ್ಳೋದು?

ಆಗಲ್ಲ, ಬಿಡಿ. ಮೋಶೆಗೇ ಆಗ್ಲಿಲ್ಲ. ಬೆಳಗಿಂದ ಸಾಯಂಕಾಲದವರೆಗೂ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳ್ತಿದ್ದೋನಿಗೆ ಮಾವ ಇತ್ರೋ ಬಂದು ಹಿಂಗೆ ಮಾಡಿದ್ರೆ ನೀನೂ ದಣಿದು ಹೋಗ್ತೀಯ, ಜನಾನೂ ದಣಿದು ಹೋಗ್ತಾರೆ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನ ನೇಮಿಸು ಅಂದ (ವಿಮೋಚನಕಾಂಡ 18). ಅಳಿಯನ ಮನೆಗೆ ಬಂದ ಮಾವ ಮೊದಲು ಕ್ಷೇಮ ಸಮಾಚಾರ ಕೇಳಿ, ಊಟ ಮಾಡಿ, ಮಾರನೇ ದಿನ ಸುಮ್ಮನೆ ನೋಡಿ ಆಮೇಲೆ ಬುದ್ಧಿ ಹೇಳ್ತಾನೆ, ಆ ಕ್ರಮಾನೂ ಗಮನಿಸಿ. ಯೇಸುವಿಗೂ ಸುತ್ತ ದೊಡ್ಡ ಗುಂಪಿತ್ತು, ಅದರೊಳಗೆ ಹನ್ನೆರಡು, ಅದರೊಳಗೂ ಪೇತ್ರ, ಯಾಕೋಬ, ಯೋಹಾನ ಅಂತ ಮೂರು ಜನ. ನೀವು ನಾಲ್ಕೈದು ಜನರನ್ನ ಚೆನ್ನಾಗಿ ನೋಡ್ಕೊಳ್ಳಿ, ಅವರು ಇನ್ನು ನಾಲ್ಕೈದು ಜನರನ್ನ ನೋಡ್ಕೊಳ್ಳಿ.

ಪ್ರಶ್ನೆ: ಹಂಗೆ ನಾಲ್ಕು ಜನಕ್ಕೆ ಹತ್ತಿರ ಆದ್ರೆ ಪಾರ್ಶಿಯಾಲಿಟಿ ಅಂತಾರೆ.

ಅಂದೇ ಅಂತಾರೆ, ಮತ್ತೆ ಬಹಳ ಸಲ ಅದು ನಿಜಾನೂ ಆಗಿರುತ್ತೆ. ಹತ್ತಿರ ಇರೋದು ತಪ್ಪಲ್ಲ, ಹತ್ತಿರ ಇರೋರಿಗೇ ಮೈಕು, ಸ್ಟೇಜು, ಹೊರಗಡೆ ಪ್ರೋಗ್ರಾಂ ಸಿಗೋದು ತಪ್ಪು. ಬಂಗಾರದ ಉಂಗುರ ಹಾಕ್ಕೊಂಡು ಬಂದೋನಿಗೆ ಒಳ್ಳೇ ಜಾಗ, ಬಡವನಿಗೆ ಅಲ್ಲೇ ನಿಂತ್ಕೋ ಅನ್ನೋದರ ಬಗ್ಗೆ ಯಾಕೋಬ 2ನೇ ಅಧ್ಯಾಯದಲ್ಲಿ ಕಟುವಾಗೇ ಬರೆದಿದಾನೆ. ನಮ್ಮಲ್ಲಿ ಉಂಗುರದ ಬದಲು ಕಾರು, ಕೀಬೋರ್ಡ್ ಕೊಡ್ಸಿದ ಡೊನೇಶನ್ನು, ಪಾಸ್ಟರ್ ಮನೆ ನೆಂಟಸ್ತಿಕೆ ಇರುತ್ತೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಭಾಗ ಅಪೊಸ್ತಲರ ಕೃತ್ಯಗಳು 6. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟ ಹಂಚೋವಾಗ ಸರಿಯಾಗಿ ಸಿಕ್ತಿಲ್ಲ ಅಂತ ಗೊಣಗಾಟ ಶುರುವಾಯ್ತು. ಅಪೊಸ್ತಲರು ಗೊಣಗೋದು ಪಾಪ ಅಂತ ಒಂದು ಪ್ರಸಂಗ ಕೊಟ್ಟು ಕಳಿಸ್ಲಿಲ್ಲ. ನೀವೇ ಏಳು ಜನರನ್ನ ಆರಿಸ್ರಿ ಅಂದ್ರು. ಆರಿಸಿದ ಹೆಸರು ಓದಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ, ಏಳೂ ಗ್ರೀಕ್ ಹೆಸರೇ. ಯಾರಿಗೆ ಅನ್ಯಾಯ ಆಗ್ತಿದೆ ಅಂತ ದೂರು ಬಂತೋ ಹೆಚ್ಚುಕಮ್ಮಿ ಅವರ ಕಡೆಯವರ ಕೈಗೇ ಸೌಟು ಕೊಟ್ಟಂಗಾಯ್ತು.

ಈಗ ನಮ್ಮ ಕಡೆಗೆ ಬನ್ನಿ. ಒಂದೇ ಟೀಮಲ್ಲಿ ಮನೇಲಿ ತೆಲುಗು ಮಾತಾಡೋರು, ತಮಿಳಿನವರು, ತಾಂಡಾದಿಂದ ಬರೋ ಲಂಬಾಣಿ ಹುಡುಗರು, ಕೊಂಕಣಿಯವರು, ನಮ್ಮ ಬಯಲುಸೀಮೆ ಕನ್ನಡದವರು ಎಲ್ಲ ಇರ್ತಾರೆ. ಲೀಡರ್ ಯಾವ ಭಾಷೆಯವರೋ ಜೋಕು ಆ ಭಾಷೇಲೇ ನಡೆಯುತ್ತೆ, ಉಳಿದೋರು ನಗ್ತಿರೋರ ಮುಖ ನೋಡ್ಕೊಂಡು ತಾವೂ ನಗ್ತಾರೆ. ಇನ್ನು ಜಾತಿ ವಿಷಯ. ಸಭೆಯಲ್ಲಿ ಜಾತಿ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಮನೆ ಭೇಟಿಗೆ ಹೋದಾಗ ಯಾರ ಮನೇಲಿ ಊಟ ಮಾಡ್ತಾರೆ, ಯಾರ ಮನೇಲಿ ಬರೀ ನೀರು ಕುಡಿದು ಎದ್ದು ಬರ್ತಾರೆ ಅನ್ನೋದನ್ನ ಟೀಮು ಕಣ್ಣಿಟ್ಟು ನೋಡ್ತಿರುತ್ತೆ. ಬಾಯಿಬಿಟ್ಟು ಯಾರೂ ಕೇಳಲ್ಲ, ಆದ್ರೆ ಮರೆಯೋದೂ ಇಲ್ಲ.

ಪ್ರಶ್ನೆ: ಇಬ್ಬರು ಟೀಮ್ ಮೆಂಬರ್ಸ್ ಮಾತು ಬಿಟ್ಟಿದಾರೆ. ಪ್ರಾರ್ಥನೆ ಮಾಡ್ತಾ ಕಾಯ್ಬೇಕಾ?

ಪ್ರಾರ್ಥನೆ ಮಾಡಿ, ಕಾಯ್ಬೇಡಿ. ಮತ್ತಾಯ 5:23-24 ಪ್ರಕಾರ ಕಾಣಿಕೆ ಕೈಲಿ ಹಿಡ್ಕೊಂಡಿದ್ರೂ ಅದನ್ನ ಯಜ್ಞವೇದಿ ಮುಂದೆ ಬಿಟ್ಟು ಮೊದಲು ಹೋಗಿ ರಾಜಿ ಆಗ್ಬೇಕು. ಫಿಲಿಪ್ಪಿ ಸಭೆಯಲ್ಲಿ ಪೌಲನ ಜತೆ ಕಷ್ಟಪಟ್ಟು ದುಡಿದ ಇಬ್ಬರು ಹೆಣ್ಮಕ್ಕಳ ಮಧ್ಯೆ ಮನಸ್ತಾಪ ಇತ್ತು, ಪೌಲ ಪತ್ರದಲ್ಲಿ ಇಬ್ಬರ ಹೆಸರೂ ಹೇಳಿ ಒಂದಾಗ್ರಿ ಅಂತ ಬೇಡ್ಕೊಳ್ತಾನೆ, ಇನ್ನೊಬ್ಬನಿಗೆ ಅವರಿಗೆ ಸಹಾಯ ಮಾಡಪ್ಪ ಅಂತಾನೂ ಹೇಳ್ತಾನೆ (ಫಿಲಿಪ್ಪಿ 4:2-3). ಯಾರದು ತಪ್ಪು ಅಂತ ಒಂದಕ್ಷರ ಬರೆದಿಲ್ಲ.

ಮಾಡೋ ರೀತಿ ಮತ್ತಾಯ 18:15ರಿಂದ ಇದೆ, ಮೊದಲು ಒಬ್ಬನೇ ಹೋಗು, ಆಗದಿದ್ರೆ ಇನ್ನೊಬ್ಬ ಇಬ್ಬರನ್ನ ಕರ್ಕೊಂಡು ಹೋಗು, ಅದೂ ಆಗದಿದ್ರೆ ಸಭೆಗೆ ತಿಳಿಸು. ನಾವು ಇದನ್ನ ಪೂರ್ತಿ ತಲೆಕೆಳಗೆ ಮಾಡ್ತೀವಿ, ಮೊದಲು ಸಭೆಗೆಲ್ಲ ಗೊತ್ತಾಗುತ್ತೆ, ಆಮೇಲೆ ಇಬ್ಬರು ಮೂವರು ಕೂತು ಮಾತಾಡ್ತಾರೆ, ಕೊನೆಗೆ ಯಾರ ವಿಷಯವೋ ಆ ಮನುಷ್ಯನಿಗೆ ಗೊತ್ತಾಗುತ್ತೆ. ಇದರಲ್ಲಿ ಅತಿ ಡೇಂಜರ್ ದಾರಿ ಅಂದ್ರೆ ಪ್ರಾರ್ಥನೆ ವಿಷಯ. "ಬ್ರದರ್, ಇದು ನಿಮ್ಮಲ್ಲೇ ಇರ್ಲಿ, ಆ ಸಿಸ್ಟರ್ ಮನೇಲಿ ಸ್ವಲ್ಪ ಪ್ರಾಬ್ಲಂ ಐತಂತೆ, ಪ್ರೇಯರ್‌ನಲ್ಲಿ ನೆನಪಿಸ್ಕೊಳ್ಳಿ" ಅಂತ ಒಬ್ರು ಶುರು ಮಾಡಿದ್ರೆ ಶುಕ್ರವಾರದ ಉಪವಾಸ ಕೂಟದ ಹೊತ್ತಿಗೆ ಕಣ್ಣು ಮುಚ್ಕೊಂಡಿರೋರಿಗೆಲ್ಲ ಪೂರ್ತಿ ಕತೆ ಗೊತ್ತಿರುತ್ತೆ. ಸಂಬಂಧಪಟ್ಟವರನ್ನ ಕೇಳದೆ ಅವರ ಹೆಸರು ಪ್ರಾರ್ಥನೆ ವಿಷಯಕ್ಕೆ ಹಾಕ್ಬಾರ್ದು ಅಂತ ಟೀಮಲ್ಲಿ ಒಂದು ರೂಲ್ ಮಾಡಿ, ಅದರಲ್ಲೇ ಅರ್ಧ ಜಗಳ ನಿಲ್ಲುತ್ತೆ.

ಪ್ರಶ್ನೆ: ಎಷ್ಟು ಕೂರಿಸಿ ಮಾತಾಡಿಸಿದ್ರೂ ಸರಿ ಹೋಗ್ಲಿಲ್ಲ ಅಂದ್ರೆ?

ಬೇರೆ ಬೇರೆ ಕೆಲಸ ಮಾಡ್ಲಿ. ಪೌಲ ಬಾರ್ನಬರೇ ಬೇರೆ ಆದ್ರಲ್ಲ. ಬಾರ್ನಬ ಯಾರು, ಸೌಲನನ್ನ, ಅಂದ್ರೆ ಇದೇ ಪೌಲನನ್ನ, ಯಾರೂ ನಂಬದೆ ಇದ್ದಾಗ ಕರ್ಕೊಂಡು ಹೋಗಿ ಅಪೊಸ್ತಲರ ಮುಂದೆ ನಿಲ್ಲಿಸಿದೋನು, ಆಮೇಲೆ ತಾರ್ಸಕ್ಕೆ ಹುಡುಕ್ಕೊಂಡು ಹೋಗಿ ಅಂತಿಯೋಕ್ಯಕ್ಕೆ ಕರ್ಕೊಂಡು ಬಂದೋನು. ಅಂಥ ಇಬ್ಬರು ಮಾರ್ಕನ ವಿಷಯಕ್ಕೆ ತೀಕ್ಷ್ಣವಾಗೇ ಜಗಳ ಆಡಿದ್ರು, ಪಂಫುಲ್ಯದಲ್ಲಿ ಕೈ ಬಿಟ್ಟು ಹೋದೋನು ಬೇಡ ಅಂತ ಪೌಲ, ಇನ್ನೊಂದು ಅವಕಾಶ ಕೊಡೋಣ ಅಂತ ಬಾರ್ನಬ. ಬಾರ್ನಬ ಮಾರ್ಕನನ್ನ ಕರ್ಕೊಂಡು ಕುಪ್ರಕ್ಕೆ ಹಡಗು ಹತ್ತಿದ, ಪೌಲ ಸೀಲನನ್ನ ಕರ್ಕೊಂಡು ಸಿರಿಯ ಕಿಲಿಕ್ಯದ ಕಡೆ ಹೋದ. ಲೂಕ ಅದನ್ನ ಮುಚ್ಚಿಡದೆ ಬರೆದಿದಾನೆ (ಅಪೊಸ್ತಲರ ಕೃತ್ಯಗಳು 15). ವರ್ಷಗಳಾದ ಮೇಲೆ ಅದೇ ಪೌಲ ಜೈಲಿನಿಂದ, ಮಾರ್ಕನನ್ನ ಕರ್ಕೊಂಡು ಬಾ, ಸೇವೆಗೆ ನನಗೆ ಉಪಯೋಗ ಆಗ್ತಾನೆ ಅಂತ ಬರೀತಾನೆ (2 ತಿಮೊಥೆ 4:11). ಬಾರ್ನಬ ಆವತ್ತು ಬಿಟ್ಟುಬಿಟ್ಟಿದ್ರೆ ಇದು ಆಗ್ತಿತ್ತಾ? ನಾನಂತೂ ಈ ವಿಷಯದಲ್ಲಿ ಬಾರ್ನಬನ ಪಾರ್ಟಿ.

ಬೇರೆ ಆಗೋವಾಗ ಸಾಕ್ಷಿ ಹೇಳೋ ನೆಪದಲ್ಲಿ ಸ್ಟೇಜ್ ಮೇಲಿಂದ ಚುಚ್ಚಿ ಮಾತಾಡೋದು ಮಾತ್ರ ಬೇಡ.

ಪ್ರಶ್ನೆ: ಟೀಮ್‌ನವರು ಫ್ರೆಂಡ್ಸ್ ಆಗ್ಬಿಟ್ರೆ ತಪ್ಪು ಮಾಡಿದಾಗ ಹೇಳೋದು ಹೆಂಗೆ?

ಫ್ರೆಂಡ್ಸ್ ಆಗಿರೋದ್ರಿಂದಲೇ ಹೇಳೋಕಾಗೋದು. ಪರಿಚಯ ಇಲ್ಲದೋನು ಹೇಳಿದ್ರೆ ಅವಮಾನ ಅನ್ಸುತ್ತೆ. ಒಬ್ಬರೇ ಇರುವಾಗ, ಅದೇ ವಾರದಲ್ಲಿ, ಒಂದೇ ವಿಷಯ ಹೇಳಿ, ಹಳೇ ಲಿಸ್ಟ್ ಎಲ್ಲ ತೆಗೀಬೇಡಿ. ಪೌಲ ಪೇತ್ರನನ್ನ ಎಲ್ಲರ ಎದುರಿಗೇ ಕೇಳಿಲ್ವಾ ಅಂತ ಯಾರಾದ್ರೂ ಗಲಾತ್ಯ 2 ತೋರಿಸ್ತಾರೆ, ಹೌದು ಕೇಳಿದ, ಅಲ್ಲಿ ಪೇತ್ರ ಅನ್ಯಜನರ ಜತೆ ಊಟಕ್ಕೆ ಕೂರೋದನ್ನ ಬಿಟ್ಟಿದ್ದೂ ಎಲ್ಲರ ಎದುರಿಗೇ, ಅದನ್ನ ನೋಡಿ ಬೇರೆಯವರೂ ಬಿಟ್ರು, ಅದಕ್ಕೆ. ಶ್ರುತಿ ತಪ್ಪಿದ್ದಕ್ಕೆ, ಲೇಟ್ ಬಂದಿದ್ದಕ್ಕೆ ಗಲಾತ್ಯ 2 ಎತ್ತಬೇಡಿ.

ಪ್ರಶ್ನೆ: ಸೀಜನ್ ಬಂದ್ರೆ ಜನ ಮಾಯ ಆಗ್ತಾರೆ. ಕಮಿಟ್‌ಮೆಂಟ್ ಇಲ್ಲ ಅನ್ಸುತ್ತೆ.

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಕೀಳೋ ಟೈಮಲ್ಲಿ, ಭದ್ರಾ ನಾಲೆ ಕಡೆ ಭತ್ತದ ನಾಟಿ ಟೈಮಲ್ಲಿ ಟೀಮ್ ಟ್ರೈನಿಂಗ್ ಇಟ್ರೆ ಜನ ಬರಲ್ಲ, ಅದು ಭಕ್ತಿಯ ಪ್ರಶ್ನೆ ಅಲ್ಲ. ಕ್ಯಾಲೆಂಡರ್ ಮಾಡೋವಾಗ ಅವರನ್ನ ಕೂರಿಸ್ಕೊಂಡು ಮಾಡಿ. ಆ ಟೈಮಲ್ಲಿ ಒಂದಿನ ನೀವೇ ಹೊಲಕ್ಕೆ ಹೋಗಿ ಬಂದ್ರೂ ಆಯ್ತು, ಕೆಲಸಕ್ಕೆ ಅಡ್ಡ ಬರದಂಗೆ ಬದುವಿನ ಮೇಲೆ ನಿಂತು ಮಾತಾಡಿಸ್ಕೊಂಡು ಬನ್ನಿ.

ಇದರ ಉಲ್ಟಾ ಕೇಸೂ ಇದೆ. ಹರಿಹರದ ಆರೋಗ್ಯ ಮಾತೆ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದ ಜನಾನೂ ಬರ್ತಾರೆ. ಇಂಥ ದೊಡ್ಡ ಹಬ್ಬಕ್ಕೋ ಕನ್ವೆನ್ಷನ್‌ಗೋ ವಾಲಂಟಿಯರ್ ಆಗಿ ದುಡಿದೋರನ್ನ ಹಬ್ಬ ಮುಗಿದ ಮೇಲೆ ಮುಂದಿನ ವರ್ಷದವರೆಗೂ ಯಾರೂ ಮಾತಾಡಿಸಲ್ಲ ಅನ್ನೋ ಬೇಜಾರು ಎಲ್ಲ ಪಂಗಡದಲ್ಲೂ ಇರೋದೇ. ಮಾಯ ಆಗೋದು ಯಾವಾಗ್ಲೂ ಮೆಂಬರ್‌ಗಳೇ ಅಲ್ಲ.

ಪ್ರಶ್ನೆ: ನಾನು ಗಂಡು ಲೀಡರ್, ಟೀಮಲ್ಲಿ ಹೆಣ್ಮಕ್ಕಳೂ ಇದಾರೆ. ಹೆಂಗೆ?

ರಾತ್ರಿ ಪರ್ಸನಲ್ ಚಾಟ್ ಬೇಡ, ವಿಷಯ ಏನಿದ್ರೂ ಗ್ರೂಪಲ್ಲಿ. ಮನೆಗೆ ಹೋಗೋದಾದ್ರೆ ಹೆಂಡತಿ ಜತೆಗೆ, ಇಲ್ಲಾಂದ್ರೆ ಹಿರಿಯ ಸಿಸ್ಟರ್ ಒಬ್ಬರ ಜತೆಗೆ ಹೋಗಿ. ಪ್ರಾಕ್ಟೀಸ್ ಕತ್ತಲಾಗೋ ಮುಂಚೆ ಮುಗಿಸಿ, ಆಗ್ಲಿಲ್ಲ ಅಂದ್ರೆ ಮನೆಯವರಿಗೆ ಫೋನ್ ಮಾಡಿ ಇಷ್ಟೊತ್ತಿಗೆ ಬರ್ತಾರೆ ಅಂತ ನೀವೇ ಹೇಳಿ. ಆದ್ರೆ ಇದೇ ನೆಪ ಮಾಡ್ಕೊಂಡು ಹೆಣ್ಮಕ್ಕಳನ್ನ ಮಾತಾಡಿಸದೆ, ನಿರ್ಧಾರದಲ್ಲಿ ಸೇರಿಸ್ಕೊಳ್ಳದೆ, ಚಪಾತಿ ಲಟ್ಟಿಸೋಕೆ ಮಾತ್ರ ಕರೆಯೋದು ಬೇಡ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ಬರೀ ಹೆಸರುಗಳ ಪಟ್ಟಿ ಅಂತ ಹಾರಿಸಿ ಓದ್ತೀವಿ, ಅದರಲ್ಲಿ ಮೊದಲನೇ ಹೆಸರು ಫೊಯಿಬೆ, ಆಮೇಲೆ ಪ್ರಿಸ್ಕ, ಮರಿಯ, ಪೆರ್ಸೀಸ, ಒಬ್ಬೊಬ್ಬರು ಏನು ದುಡಿದ್ರು ಅಂತಾನೂ ಇದೆ. ರೂಫನ ತಾಯಿ ನನಗೂ ತಾಯಿಯಂತೆ ಇದ್ರು ಅಂತಾನೆ ಪೌಲ.

ಪ್ರಶ್ನೆ: ನಂಬಿಕೆಯಿಟ್ಟು ಹೇಳಿದ ಗುಟ್ಟು ಎಷ್ಟರ ಮಟ್ಟಿಗೆ ಗುಟ್ಟಾಗಿಡ್ಬೇಕು?

ಹೆಂಡತಿಗೂ ಹೇಳ್ಬೇಡಿ, ಪಾಸ್ಟರ್‌ಗೂ ಅವರನ್ನ ಕೇಳದೆ ಹೇಳ್ಬೇಡಿ. ಎರಡು ವಿಷಯ ಮಾತ್ರ ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಸಭೆ ಹೆಸರು ಹಾಳಾಗುತ್ತೆ, ಒಳಗೇ ಮುಗಿಸೋಣ ಅಂತ ಯಾರು ಹೇಳಿದ್ರೂ ಕೇಳ್ಬೇಡಿ, ಮಕ್ಕಳ ಸಹಾಯವಾಣಿ 1098. ಇನ್ನೊಂದು, ಯಾರಾದ್ರೂ ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಮನೆಯವರಿಗೆ ಹೇಳಿ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಫ್ರೀ, ಯಾವ ಹೊತ್ತಲ್ಲಾದ್ರೂ ಮಾಡಬಹುದು. ಇದು ಅವಿಶ್ವಾಸ ಅನ್ನೋರು ಎಲೀಯನ ಕತೆ ಓದಲಿ, ಸಾಯ್ತೀನಿ ಅಂತ ಗಿಡದ ಕೆಳಗೆ ಮಲಗಿದೋನಿಗೆ ದೂತ ಪ್ರಸಂಗ ಮಾಡ್ಲಿಲ್ಲ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗೋಕೆ ಬಿಟ್ಟ (1 ಅರಸುಗಳು 19).

ಪ್ರಶ್ನೆ: ಟೀಮ್‌ನವರ ಜತೆ ಸಾಲ, ಚೀಟಿ ವ್ಯವಹಾರ?

ಬೇಡ. ಕಷ್ಟ ಅಂದ್ರೆ ಕೈಲಾದಷ್ಟು ಕೊಟ್ಟು ಮರೆತುಬಿಡಿ.

ಪ್ರಶ್ನೆ: ನನ್ನನ್ನ ಯಾರು ಕೇಳ್ತಾರೆ? ಎಲ್ಲರ ಕಷ್ಟ ಕೇಳೋದೇ ಆಯ್ತು.

ಬಾಯಿಬಿಟ್ಟು ಕೇಳಿ. ಲೀಡರ್ ಅಂದ್ರೆ ಯಾವಾಗ್ಲೂ ಚೆನ್ನಾಗೇ ಇರ್ಬೇಕು ಅಂತ ಮುಖ ಗಟ್ಟಿ ಮಾಡ್ಕೊಂಡು ಓಡಾಡೋರು ನಮ್ಮಲ್ಲಿ ಜಾಸ್ತಿ. ಪೌಲ ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೇ ಅಧ್ಯಾಯ ನೋಡಿ, ದೇಮ ನನ್ನನ್ನ ಬಿಟ್ಟು ಹೋದ, ಲೂಕ ಒಬ್ಬನೇ ಇದಾನೆ, ಬೇಗ ಬಾ, ತ್ರೋವದಲ್ಲಿ ಕರ್ಪನ ಮನೇಲಿ ಬಿಟ್ಟು ಬಂದ ಮೇಲಂಗಿ ತಗೊಂಡು ಬಾ, ಪುಸ್ತಕಗಳನ್ನೂ ತಾ, ಚಳಿಗಾಲದ ಮುಂಚೇನೇ ಬರೋಕೆ ನೋಡು ಅಂತಾನೆ. ಸಭೆಗಳನ್ನ ಕಟ್ಟಿದ ಅಪೊಸ್ತಲ, ಒಂದು ಅಂಗಿ ತಾ ಅಂತ ಕೇಳೋಕೆ ನಾಚಿಕೊಳ್ಳಲಿಲ್ಲ. ನಿಮ್ಮ ಟೀಮಿನ ಹೊರಗೆ, ಸಾಧ್ಯವಾದ್ರೆ ಬೇರೆ ಸಭೆಯಲ್ಲಿ, ಏನು ಬೇಕಾದ್ರೂ ಹೇಳ್ಕೊಳ್ಳೋಕೆ ಒಬ್ಬ ಸ್ನೇಹಿತ ಇರ್ಲಿ. ದುರ್ಗದಿಂದ ದಾವಣಗೆರೆ ಬಸ್ಸಿಗೆ ಒಂದೂಕಾಲು ಒಂದೂವರೆ ಗಂಟೆ ದಾರಿ, ಹೋಗಿ ಬರೋದು ದೊಡ್ಡ ವಿಷಯ ಅಲ್ಲ.

ಪ್ರಶ್ನೆ: ಒಬ್ರು ಟೀಮ್ ಬಿಟ್ಟು ಬೇರೆ ಸಭೆಗೆ ಹೋದ್ರು. ಮಾತಾಡಿಸ್ಬೇಕಾ?

ಹೌದು. ಗ್ರೂಪಿಂದ ತೆಗೆಯೋ ಮುಂಚೆ ಫೋನ್ ಮಾಡಿ ಹೇಳಿ, ಹುಟ್ಟಿದಬ್ಬಕ್ಕೆ ವಿಶ್ ಮಾಡಿ, ಮದುವೆಗೆ ಕರೆದ್ರೆ ಹೋಗಿ. ವಾಪಸ್ ಕರ್ಕೊಂಡು ಬರೋ ಪ್ಲಾನ್ ಇಟ್ಕೊಂಡು ಹೋಗ್ಬೇಡಿ, ಅದು ಎದುರಿನವರಿಗೆ ಗೊತ್ತಾಗೇ ಗೊತ್ತಾಗುತ್ತೆ.

ಪ್ರಶ್ನೆ: ಟೀಮ್ ಜತೆ ಬೆಣ್ಣೆ ದೋಸೆ ತಿನ್ನೋಕೆ ಹೋದ್ರೆ ಬಿಲ್ಲು ಸಭೆ ಲೆಕ್ಕದಲ್ಲಿ ಹಾಕ್ಬಹುದಾ?

ವರ್ಷಕ್ಕೆ ಒಂದೆರಡು ಸಲ, ಕಮಿಟಿಯನ್ನ ಮೊದಲೇ ಕೇಳಿ, ಬಿಲ್ ಇಟ್ಕೊಂಡು ಹಾಕ್ಬಹುದು. ಮಾಮೂಲಿ ದಿನ ಹೋಗೋದಾದ್ರೆ ಅವರವರ ದುಡ್ಡು ಅವರವರು ಅಂತ ಇಡ್ಬೇಡಿ, ಕೈಲಿ ದುಡ್ಡಿಲ್ಲದ ಹುಡುಗ ಹೊಟ್ಟೆ ಸರಿ ಇಲ್ಲ ಅಣ್ಣ ಅಂತ ಹೇಳಿ ಹೊರಗೇ ನಿಲ್ತಾನೆ. ನಿಮ್ಮ ಹತ್ರಾನೂ ಇಲ್ಲ ಅಂದ್ರೆ ಯಾರದಾದ್ರೂ ಮನೆ ಮಾಳಿಗೆ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡ್ಕೊಳ್ಳಿ, ಹಿಟ್ಟು ನೀವು ಕಲಸಿ.